ಅತ್ತೆ ಕಟ್ಟಿದ ಬಂಡಿಪೇಟೆ

ಅತ್ತೆಯ ಕಿವಿಗಳು ಭುಜ ಮುಟ್ಟುತ್ತಿದ್ದವು. ಚಿಕ್ಕವಳಿದ್ದಾಗ ತೂತು ಹಿಗ್ಗಿಸಿ ತೂಕದ ಓಲೆ ತೊಡಿಸಿದ್ದರಂತೆ. ಗಂಡ ಸತ್ತ ಮೇಲೆ ಓಲೆ ಹೋಯಿತು, ಹಾಲೆಗಳು ಮಾತ್ರ ಹಗ್ಗದ ಕುಣಿಕೆಗಳಂತೆ ಜೋತಾಡುತ್ತಾ ಉಳಿದವು. ಕೆಲಸಕ್ಕೆ ಇಳಿಯುವಾಗ ಅವೆರಡನ್ನೂ ಎತ್ತಿ ಕಿವಿಯ ಮೇಲ್ತುದಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಹಾಗೆ ಸಿಕ್ಕಿಸಿಕೊಂಡಳೆಂದರೆ ಕಂಬಂ ಬೀದಿಯಲ್ಲಿ ಕೂತ ಬಂಡಿಯಾಳುಗಳು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಎದ್ದು ನಿಲ್ಲುತ್ತಿದ್ದರು. ಇವತ್ತು ಯಾರದೋ ಬೆನ್ನಿಗೆ ಬಿಸಿ ತಾಕುತ್ತದೆ ಎಂದು ಅವರಿಗೆ ಗೊತ್ತು.

ಅವಳು ನನ್ನ ಅಪ್ಪನ ಒಡಹುಟ್ಟಿದ ತಂಗಿ. ನಮ್ಮವರು ಯಾವ ಕಾಲದಲ್ಲೋ ಎತ್ತು ಹೊಡೆದುಕೊಂಡು ತಮಿಳು ಸೀಮೆಯ ಈ ಕಂಬಂ ಕಣಿವೆಗೆ ಬಂದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅತ್ತೆಯ ಗಂಡ ಮಲೆಯ ಮೆಣಸು, ಏಲಕ್ಕಿ, ಕಾಫಿ ಹೇರಿಕೊಂಡು ದಿಂಡಿಗಲ್ಲಿನ ರೈಲಿನವರೆಗೆ ಬಂಡಿ ಓಡಿಸುತ್ತಿದ್ದ. ಅವನು ಹೋದ ಮೇಲೆ ಬಂಡಿಗಳನ್ನು ಮಾರಿಬಿಡು ಅಂದರು ಎಲ್ಲರೂ. ಅತ್ತೆ ಮಾರಲಿಲ್ಲ. ಮೊದಲ ಬಂಡಿಯ ಮೂಕಿಯ ಮೇಲೆ ತಾನೇ ಕೂತು ದಿಂಡಿಗಲ್ಲಿಗೆ ಹೋಗಿಬಂದಳು. ಹೆಂಗಸು ಬಂಡಿ ಹೊಡೆದಳು ಎಂದು ಊರು ನಕ್ಕಿತು. ಎರಡನೆಯ ಸಲ ಹೊರಟಾಗ ನಗುವವರು ಕಡಿಮೆಯಾದರು. ಆಮೇಲೆ ಅದೇ ಊರಿನವರು ಅವಳ ಬಂಡಿಗೇ ಮೂಟೆ ಹಾಕಿದರು.

ನಾನು ಬಿ.ಎ. ಆದದ್ದು ಅವಳಿಂದ. ನಮ್ಮಲ್ಲಿ ಗಂಡು ಹುಡುಗನ ಮೇಲೆ ಮೊದಲ ಹಕ್ಕು ಸೋದರತ್ತೆಯದು. ಅವಳ ಮಗಳನ್ನೇ ಅವನು ಮದುವೆಯಾಗಬೇಕು. ಅವಳಾಗಿ ಬಿಟ್ಟುಕೊಟ್ಟರಷ್ಟೇ ಬೇರೆ ಕಡೆಯ ಹೆಣ್ಣು. ಅತ್ತೆಗೆ ಮಕ್ಕಳೇ ಇರಲಿಲ್ಲ. ನನಗೆ ಮದುವೆ ಮಾಡಿ ನೇಗಿಲಿಗೆ ಹಚ್ಚಬೇಕೆಂದು ನೆಂಟರು ಸೇರಿದ್ದ ದಿನ ಅವಳು ಬಂದು ಹೊಸಿಲ ಮೇಲೆ ಅಡ್ಡ ಕೂತಳು.

"ಅಣ್ಣಾ, ಹುಡುಗ ನಂದು ತಾನೇ?"

"ನಿಂದೇ ಕಣಮ್ಮಾ. ಆದ್ರೆ ನಿನಗೆಲ್ಲಿ ಹೆಣ್ಣೈತೆ?" ಅಂದ ನನ್ನಪ್ಪ.

"ಹೆಣ್ಣಿಲ್ಲ. ಅದಕ್ಕೇ ಇವನನ್ನ ಪಳ್ಳಿಕೂಡಕ್ಕೆ ಕಟ್ಟಿಕೊಡ್ತೀನಿ. ಓದೇ ನನ್ನ ಮಗಳು ಅಂದ್ಕೋ. ಬ್ಯಾಡ ಅನ್ನೋರು ನನ್ನ ಹಕ್ಕು ಇಲ್ಲ ಅಂತ ಈ ಕೂಟದಾಗೇ ಹೇಳ್ಲಿ."

ಯಾರೂ ಹೇಳಲಿಲ್ಲ. ಹೇಳಿದರೆ ಕುಲದ ಕಟ್ಟೇ ಸುಳ್ಳಾಗುತ್ತಿತ್ತು. ದಿಂಡಿಗಲ್, ಮಧುರೆ, ಆಮೇಲೆ ಮದರಾಸು ಎಂದು ಕಂಡವರ ಜಗಲಿಯಲ್ಲಿ ಮಲಗಿ, ದೇವಸ್ಥಾನದ ಪ್ರಸಾದ ತಿಂದು ಓದಿದೆ. ನಮ್ಮ ಕುಲದಲ್ಲಿ ಮೊದಲು ಪದವಿ ಪಡೆದವನು ನಾನು. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ, ಯಾರು ಏನಾದರೂ ಅಂದುಕೊಳ್ಳಲಿ. ರಜೆಗೆ ಬಂದಾಗಲೆಲ್ಲ ತಮಿಳರ ಹಾಗೆ ಅಳಿಯನೆಂದು ಕರೆದು ಅತ್ತೆ ಕೇಳುವ ಪ್ರಶ್ನೆ ಒಂದೇ.

"ಏನ್ ಮಾಪ್ಳೆ, ನನ್ನ ಮಗಳು ಹೆಂಗವ್ಳೆ?"

"ಬಲು ಗಯ್ಯಾಳಿ, ಅತ್ತೆ. ಹೇಳಿದ ಮಾತು ಕೇಳಲ್ಲ."

"ನಿನಗೆ ತಕ್ಕೋಳು. ಬಿಟ್ಟುಗಿಟ್ಟೀಯೆ, ಜೋಕೆ!"

ನಾನು ಪದವಿ ಮುಗಿಸಿ ಬರುವ ಹೊತ್ತಿಗೆ ಊರಿಗೆ ಹೊಸ ಸಂಕಟ ಶುರುವಾಗಿತ್ತು. ಅದು ಮಲೆಯ ಮೇಲೆ ದೊಡ್ಡ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದ ಕಾಲ. ಸುಣ್ಣ, ಕಬ್ಬಿಣ, ಅಕ್ಕಿ, ಜನ ಎಲ್ಲವೂ ನಮ್ಮ ಊರ ಮೇಲೆಯೇ ಹತ್ತಬೇಕು. ಘಟ್ಟದ ಆಚೆ ತಿರುವಾಂಕೂರು, ಬೇರೆ ರಾಜನ ಸೀಮೆ. ಅಲ್ಲಿಂದ ಬೆನ್ನ ಮೇಲೆ ಮೂಟೆ ಹೊತ್ತ ಹೇರೆತ್ತುಗಳು ಸಾಲುಸಾಲಾಗಿ ಇಳಿಯುತ್ತಿದ್ದವು. ಇವೆಲ್ಲ ತಂಗಬೇಕಾದ ಬಂಡಿಪೇಟೆ ಊರ ನಡುವೆ ಇತ್ತು. ಅಜ್ಜಂದಿರ ಕಾಲದ್ದು. ಒಂದೇ ಬಾಗಿಲು, ಒಂದೇ ಬಾವಿ. ಒಳಗೆ ಹೋಗುವ ಬಂಡಿಗೂ ಹೊರಗೆ ಬರುವ ಬಂಡಿಗೂ ನೊಗಕ್ಕೆ ನೊಗ ಸಿಕ್ಕಿಕೊಂಡು ಬೀದಿಯೇ ನಿಂತುಹೋಗುತ್ತಿತ್ತು. ಜಾಗ ಸಿಗದ ಮಲೆಯಾಳದವರು ಹೊಳೆಯ ಮರಳಿನ ಮೇಲೆ ಇಳಿಯುತ್ತಿದ್ದರು. ಒಂದು ಸಲ ಮಲೆಯಲ್ಲಿ ಮಳೆಯಾಗಿ ಹೊಳೆ ಏರಿ ಅವರ ಮೆಣಸಿನ ಚೀಲಗಳು ತೇಲಿಹೋದವು. ಎದೆಮಟ್ಟದ ನೀರಲ್ಲಿ ನಿಂತು ಎತ್ತಿನ ಹಗ್ಗ ಕೊಯ್ದವರಲ್ಲಿ ಅತ್ತೆಯೂ ಒಬ್ಬಳು.

ಮಾರನೆಯ ದಿನ ಒದ್ದೆ ಸೀರೆಯಲ್ಲೇ ಊರ ಕಟ್ಟೆಗೆ ಹೋಗಿ ಹಿರಿಯ ಗೌಡರ ಮುಂದೆ ನಿಂತಳು. "ಊರಿಗೆ ಬಂದೋರು ಊರಾಚೆ ನಿಂತು ಮುಳುಗೋದಾದ್ರೆ ಅದು ಊರಾ ಅಣ್ಣಾ, ಸುಡುಗಾಡಾ? ಹೊಸ ಪೇಟೆ ಕಟ್ಟಾಣ."

ಹಳೇ ಪೇಟೆಯ ಬೀದಿಯ ಹುಲ್ಲಂಗಡಿಯವರು ಗೊಳ್ಳೆಂದು ನಕ್ಕರು. ಅವರಿಗೆ ಪೇಟೆ ತಮ್ಮ ಅಂಗಡಿ ಬಾಗಿಲ ಮುಂದೆಯೇ ಇರಬೇಕು. ಅತ್ತೆ ಸುಮ್ಮನಿರಲಿಲ್ಲ. ಊರ ಪಡುವಣ ದಿಕ್ಕಿನಲ್ಲಿ, ಘಟ್ಟದ ದಾರಿಗೆ ತಾಗಿ, ತನ್ನ ಹೊಲವನ್ನೇ ಬಿಟ್ಟುಕೊಟ್ಟಳು. ಪಕ್ಕದ ಸರ್ಕಾರಿ ಬಯಲಿಗಾಗಿ ನನ್ನನ್ನು ಬಿಳಿ ದೊರೆಯ ಬಿಡಾರಕ್ಕೆ ಕರೆದೊಯ್ದಳು. "ಇವನು ನನ್ನ ಅಳಿಯ. ಇವನು ಮಾತಾಡ್ತಾನೆ" ಎಂದು ಹಿಂದೆ ಸರಿದು ನಿಂತಳು. ನಾನು ಇಂಗ್ಲಿಷಿನಲ್ಲಿ ಬೆವರಿ ಬೆವರಿ ಮಾತಾಡಿದೆ. ಕೊಟ್ಟರು. ಹೊರಗೆ ಬಂದ ಮೇಲೆ, "ಏನಂದೆಯೋ ಒಂದೂ ತಿಳೀಲಿಲ್ಲ. ಆದ್ರೆ ನನ್ನ ಮಗಳು ಚೆಂದ ಮಾತಾಡ್ತಾಳೆ" ಅಂದಳು.

ವರ್ಷ ತುಂಬುವಷ್ಟರಲ್ಲಿ ಪೇಟೆ ಎದ್ದಿತು. ಒಳಗೆ ಬರಲು ಒಂದು ಬಾಗಿಲು, ಹೊರಗೆ ಹೋಗಲು ಇನ್ನೊಂದು. ಮೆಟ್ಟಿಲಿಟ್ಟ ಬಾವಿ, ಉದ್ದನೆಯ ಕಲ್ಲುತೊಟ್ಟಿ, ಕಾಯಿಲೆಯ ಎತ್ತಿಗೆ ದೂರದಲ್ಲೊಂದು ಚಪ್ಪರ, ಮೂಟೆಗಳಿಗೆ ಮಾಡು. ಆಂಡಿಪಟ್ಟಿಯ ಕಡೆಯಿಂದಲೂ ಆಳುಗಳು ಬಂದು ಮಣ್ಣು ಹೊತ್ತರು. ಬಾಕಿ ಉಳಿದದ್ದು ಒಂದೇ, ನಮ್ಮ ಜನ ಯಾರೂ ತಪ್ಪಿಸಲಾರದ ಕಟ್ಟಳೆ. ಕುಲದ ದೇವರಿಗೆ ಬಿಟ್ಟ ಮಂದೆಯೊಂದು ನಮ್ಮಲ್ಲಿದೆ. ಅದರ ಮುಂದಾಳು ಪಟ್ಟದ ಹೋರಿ. ಅದಕ್ಕೆ ನೊಗವಿಲ್ಲ, ಮೂಗುದಾರವಿಲ್ಲ. ದನ ಕಟ್ಟುವ ಯಾವ ಹೊಸ ಜಾಗವಾದರೂ ಅದು ಬಂದು ತಾನಾಗಿ ಮಲಗಿ ಮೆಲುಕು ಹಾಕಬೇಕು. ಎರಡು ಸಲ ಕೇಳಬಹುದು. ಎರಡನೆಯ ಸಲವೂ ಮಲಗದೆ ಹೋದರೆ ಆ ಜಾಗದಲ್ಲಿ ನಮ್ಮವರ ಎತ್ತು ಎಂದೂ ನಿಲ್ಲುವುದಿಲ್ಲ. ನಮ್ಮವರ ಬಂಡಿಗಳೇ ಬಾರದಿದ್ದರೆ ಆ ಪೇಟೆ ಇದ್ದೂ ಇಲ್ಲದ ಹಾಗೆ.

ಹೋರಿ ಬರುವ ದಿನಕ್ಕೆ ಅತ್ತೆ ಊರ ಹೆಂಗಸರನ್ನೆಲ್ಲ ಕರೆದು ಬಯಲಿನ ಹುಲ್ಲು ಕಿತ್ತು, ಗುಡಿಸಿ, ಸಾರಿಸಿ, ಸುಣ್ಣದ ಗೆರೆ ಎಳೆಸಿದಳು. ದೇವರು ಬರುವ ಜಾಗವಲ್ಲವೇ! ಹೋರಿ ಬಂತು. ಬಾಗಿಲಲ್ಲಿ ನಿಂತು ಮೂಸಿತು. ನಾಲ್ಕು ಹೆಜ್ಜೆ ಒಳಗೆ ಬಂದು, ತಲೆ ಕೊಡವಿ, ತಿರುಗಿ ಹೊರಟೇಹೋಯಿತು.

"ಮುಗೀತು, ಮುಗೀತು" ಎಂದು ಹುಲ್ಲಂಗಡಿಯವನೊಬ್ಬ ಕೈ ತಟ್ಟಿದ. "ಇನ್ನೊಂದು ಸಲ ಕೇಳೋಕೆ ಮುಂಚೆ ಹೊಲಕ್ಕೆ ಜೋಳ ಬಿತ್ತಿಬಿಡಕ್ಕಾ. ಕೂಳಾದ್ರೂ ಆದೀತು."

ಅತ್ತೆ ಮನೆಗೆ ಹೋಗಲಿಲ್ಲ. ಖಾಲಿ ಪೇಟೆಯ ನಡುವೆ ಕೂತು ನೆಲ ಮುಟ್ಟಿ ಮುಟ್ಟಿ ನೋಡಿದಳು. ನಾನು ಪಕ್ಕದಲ್ಲಿ ಕೂತೆ. ಒಂದು ಹಿಡಿ ಮಣ್ಣೆತ್ತಿ ಮೂಸಿದವಳಿಗೆ ನಗು ಬಂತು.

"ಮದುವೆ ಮನೆ ಮಾಡಿಬಿಟ್ಟೆ ಕಣೋ ಮಾಪ್ಳೆ. ಒಂದು ದನದ ವಾಸನೆ ಇಲ್ಲ, ಒಂದು ಗೊರಸಿನ ಗುರುತಿಲ್ಲ. ಯಾರೂ ಇಲ್ಲದ ಮನೆಗೆ ನೀನಾದ್ರೂ ಹೋಗಿ ಮಲಗ್ತೀಯಾ?"

"ಹಾಗಾದ್ರೆ ನಮ್ಮ ಎತ್ತುಗಳನ್ನೇ ಎರಡು ದಿನ ಕಟ್ಟೋಣ."

"ಹೋರಿ ಮಲಗದೆ ನಮ್ಮೋರ ಎತ್ತು ಬರಂಗಿಲ್ವಲ್ಲ!" ಅಂದವಳು, ಅಷ್ಟಕ್ಕೇ ನಿಂತು, ಹೊಳೆಯ ಕಡೆ ನೋಡಿದಳು.

ಮರಳಿನ ಮೇಲೆ ಮಲೆಯಾಳದವರ ಹೇರೆತ್ತುಗಳು ನಿಂತಿದ್ದವು. ಅತ್ತೆ ನೇರ ಅಲ್ಲಿಗೆ ಹೋಗಿ ಅವರ ಹಿರಿಯನನ್ನು ತಮಿಳಿನಲ್ಲೇ ಕರೆದಳು, ಪೇಟೆಯೊಳಗೆ ಬಂದು ಇಳಿಯಿರಿ ಎಂದು. ಅವನು ಹಿಂಜರಿದ. "ನಿಮ್ಮ ದೇವರ ಹೋರಿಗೆ ಮುಂಚೆ ನಾವು ಬಂದ್ರೆ ಜಗಳ ಆಗ್ತದೆ, ಅಮ್ಮೇ."

"ಜಗಳ ನನ್ನದು. ಸಗಣಿ ನಿಮ್ಮದು. ಬನ್ನಿ."

ಬಂದರು. ಊರು ಬುಸುಗುಟ್ಟಿತು. ಹಿರಿಯ ಗೌಡರು ಕೋಲೂರಿಕೊಂಡು ತಾವೇ ಬಂದು ಬಾಗಿಲಲ್ಲಿ ನಿಂತರು.

"ಏನಮ್ಮಾ ತಂಗಿ, ನಮ್ಮ ದೇವರಿಗಿಂತ ಮುಂಚೆ ಪರಸೀಮೆ ಎತ್ತಾ?"

"ಅಣ್ಣಾ, ಈ ಪೇಟೆ ಕಟ್ಟಿದ್ದು ಯಾರಿಗೆ? ಬರೋರಿಗೆ ತಾನೇ? ಬರೋರೇ ಬರದಿದ್ರೆ ಇದು ಬರೀ ಬಯಲು. ನಮ್ಮೋರ ಎತ್ತು ನಿಲ್ಲಬಾರ್ದು ಅಂತೈತೆ ಕಟ್ಟು. ಬಂದೋರು ನಿಲ್ಲಬಾರ್ದು ಅಂತ ಯಾವ ಅಜ್ಜ ಹೇಳವ್ನೆ?"

ಗೌಡರು ಮೀಸೆ ಸವರಿಕೊಂಡರು. ಯಾವ ಅಜ್ಜನೂ ಹೇಳಿರಲಿಲ್ಲ. "ಈ ಸಲಾನೂ ಮಲಗದಿದ್ರೆ?"

"ಹೊಲವೂ ಪೋಚು, ಮಾನವೂ ಹೋಯ್ತು. ನಿಮ್ಮನೆ ಕೊಟ್ಟಿಗೆ ಬಾಚ್ಕೊಂಡು ಇರ್ತೀನಿ. ಚುಮ್ಮಾ ಹೇಳ್ತಿಲ್ಲ ಅಣ್ಣಾ."

ಎರಡನೆಯ ಸಲ ಹೋರಿಯನ್ನು ಕರೆತಂದಾಗ ಕಣಿವೆಯೇ ಬಂದು ಬೇಲಿಗೆ ಆತುಕೊಂಡಿತ್ತು. ನಮ್ಮವರ ಬಂಡಿಗಳು ಘಟ್ಟದ ದಾರಿಯುದ್ದಕ್ಕೂ ನೊಗ ಇಳಿಸದೆ ಕಾದಿದ್ದವು. ಒಳಗೋ, ವಾಪಸೋ, ತಿಳಿಯಬೇಕಿತ್ತು. ಹೋರಿ ಬಾಗಿಲಲ್ಲಿ ಮೂಸಿತು. ಒಳಗೆ ಬಂತು. ಹೇರೆತ್ತುಗಳ ಸಾಲಿನ ಮುಂದೆ ಸಾಗುತ್ತಾ ಒಂದೊಂದರ ಮುಖಕ್ಕೂ ಉಸಿರು ಬಿಟ್ಟಿತು. ತೊಟ್ಟಿಯಲ್ಲಿ ನೀರು ಕುಡಿಯಿತು. ನಡುವೆ ನಿಂತು ಧಾರಾಳವಾಗಿ ಉಚ್ಚೆ ಹುಯ್ದಾಗ ನಗಲು ಯಾರಿಗೂ ಧೈರ್ಯವಾಗಲಿಲ್ಲ. ಆಮೇಲೆ ಬೇವಿನ ನೆರಳಿಗೆ ಹೋಗಿ ಮುಂಗಾಲು ಮಡಿಸಿತು. ಮಲಗಿತು.

ಮಲಗಿದರೆ ಸಾಲದಲ್ಲ. ಅತ್ತೆ ನನ್ನ ತೋಳು ಹಿಡಿದಿದ್ದಳು. ಅವಳ ಉಗುರು ಚರ್ಮಕ್ಕೆ ಇಳಿಯುತ್ತಿತ್ತು. ಕೊನೆಗೆ ಹೋರಿಯ ಗಂಟಲಲ್ಲಿ ಒಂದು ಉಂಡೆ ಮೇಲೆ ಸರಿದು ಬಂತು. ದವಡೆ ಪಕ್ಕಕ್ಕೆ ಆಡಿತು.

"ಮೆಲುಕು!" ಎಂದು ಮೊದಲು ಕೂಗಿದವರು ಹಿರಿಯ ಗೌಡರೇ. ಕೋಲು ಗಾಳಿಗೆ ಹಾರಿತು. ಕನ್ನಡ, ತಮಿಳು, ಮಲೆಯಾಳ ಎಲ್ಲ ಕಲಸಿ ಒಂದೇ ಕೇಕೆಯಾಯಿತು. ದಾರಿಯಲ್ಲಿ ಕಾದಿದ್ದ ಬಂಡಿಗಳು ಗಡಗಡನೆ ಒಳಗೆ ಉರುಳಿದವು, ಮೊದಲ ಬಾಗಿಲಿಂದ ಒಂದರ ಹಿಂದೊಂದು, ಯಾರ ನೊಗವೂ ಯಾರಿಗೂ ಸಿಕ್ಕದೆ. ಕೈ ತಟ್ಟಿದ್ದ ಆ ಹುಲ್ಲಂಗಡಿಯವನೇ ಒಂದು ಬಂಡಿ ಹುಲ್ಲು ತಂದಿದ್ದ, ಮಾರಲು.

"ಎಲ್ಲಿ ಜೋಳ?" ಅಂದಳು ಅತ್ತೆ. ಅವನು ಹಲ್ಲು ಕಿರಿದ. ಅಂಗಡಿಗೆ ಒಳ್ಳೆಯ ಮೂಲೆಯನ್ನೇ ಕೊಟ್ಟಳು.

ಆಮೇಲೆ ಆ ಪೇಟೆಯಲ್ಲಿ ಕಾಣದ ಸೀಮೆಯ ಜನವಿಲ್ಲ. ಚಿನ್ನಾಳಪಟ್ಟಿಯ ಸೀರೆ ಗಂಟುಗಳು ಮಲೆ ಹತ್ತಿದವು, ಪಳನಿಗೆ ಹೊರಟ ಮಲೆಯಾಳದ ಭಕ್ತರು ಅಲ್ಲೇ ಅಡುಗೆ ಮಾಡಿಕೊಂಡರು. ಅತ್ತೆ ದಿನವೂ ಸಂಜೆ ತೊಟ್ಟಿಯ ಬಳಿ ನಿಂತು ಬಂದವರನ್ನೆಲ್ಲ ಮೊದಲು ಒಂದೇ ಮಾತು ಕೇಳುತ್ತಿದ್ದಳು: "ಎತ್ತಿಗೆ ನೀರಾಯ್ತಾ?" ನಿಮಗೆ ಊಟವಾಯಿತೇ ಎಂಬ ಪ್ರಶ್ನೆ ಅದಾದ ಮೇಲೆ.

ಅವಳು ಹಾಸಿಗೆ ಹಿಡಿದಾಗ ನಾನು ಮಧುರೆಯಲ್ಲಿ ಉಪಾಧ್ಯಾಯನಾಗಿದ್ದೆ. ಓಡಿ ಬಂದೆ. ನನ್ನ ಮುಖ ನೋಡಿ, "ಅಳಬ್ಯಾಡ. ನಾನು ಹೋದ ದಿನ ಪೇಟೆ ಮುಚ್ಚೀರಿ, ಹುಷಾರ್. ಘಟ್ಟ ಇಳಿದು ಬಂದೋರು ಎಲ್ಲಿಗೆ ಹೋಗ್ಬೇಕು?" ಅಂದಳು. ಮಾರನೆಯ ಬೆಳಿಗ್ಗೆ ಹೋದಳು.

ಸಾವಿನ ಮನೆಯವರು ಅಂದು ಬಾವಿ ಮುಟ್ಟಬಾರದು ಎಂದು ಹಿರಿಯರು ತಡೆದರು. ಅವಳ ಹಕ್ಕಿನ ಹುಡುಗ ನಾನು, ಅವಳ ಮಾತು ನಡೆಸುತ್ತೇನೆ ಎಂದೆ. ಮತ್ತೆ ಯಾರೂ ಅಡ್ಡ ಬರಲಿಲ್ಲ. ಸುಡುಗಾಡಿನಿಂದ ಬಂದು, ಮಿಂದು, ಪೇಟೆಯ ಎರಡು ಬಾಗಿಲನ್ನೂ ತೆರೆದೆ. ಸಂಜೆ ಘಟ್ಟ ಇಳಿದು ಬಂದ ಎತ್ತುಗಳಿಗೆ ತೊಟ್ಟಿ ತುಂಬುವವರೆಗೂ ನೀರು ಸೇದಿದೆ.