ಬೋರ್‌ವೆಲ್ ಅನಂತರಾಜುವಿಗೆ ಕೇಳಿಸದ ನಾಲ್ಕು ಸಾಲು

ಬ್ಯಾಟರಾಯನಪುರದ ಬೋರ್‌ವೆಲ್ ಅನಂತರಾಜು ಮಾತಾಡುವುದಿಲ್ಲ, ಸಾರುತ್ತಾನೆ. ಬೆಳಿಗ್ಗೆ ತಟ್ಟೆಯ ಮುಂದೆ ಕೂತು ಹೆಂಡತಿಗೆ ‘ಉಪ್ಪಿಟ್ಟಿಗೆ ಉಪ್ಪು ಕಮ್ಮಿ’ ಎಂದನೆಂದರೆ ಸಂಜಯನಗರದ ಹೆಂಗಸರೆಲ್ಲ ತಮ್ಮ ತಮ್ಮ ಬಾಣಲೆಗೆ ಒಂದೊಂದು ಚಿಟಿಕೆ ಉಪ್ಪು ಹಾಕಿಬಿಡುತ್ತಾರೆ. ಅವನು ಫೋನ್ ಎತ್ತಿಕೊಂಡರೆ ಹೆಬ್ಬಾಳ ಕೆರೆಯ ಕೊಕ್ಕರೆಗಳು ಜಕ್ಕೂರು ಕೆರೆಗೆ ಹೋಗಿ, ಮಾತು ಮುಗಿದ ಮೇಲೆ ವಾಪಸು ಬರುತ್ತವೆ.

ಇದರಲ್ಲಿ ಅವನ ತಪ್ಪೇನೂ ಇಲ್ಲ. ಮೂವತ್ತು ವರ್ಷ ಬೋರ್ ಕೊರೆಯುವ ರಿಗ್ ಲಾರಿಯ ಪಕ್ಕದಲ್ಲೇ ನಿಂತು ಬದುಕಿದವನು. ಆರ್.ಟಿ. ನಗರದಿಂದ ಸೋಲದೇವನಹಳ್ಳಿಯವರೆಗೆ ಅವನು ತೂತು ಹಾಕದ ನೆಲವಿಲ್ಲ. ಅವನ ರಿಗ್ ಶುರುವಾದ ಬೀದಿಯಲ್ಲಿ ನಾಯಿಗಳು ಬೊಗಳುವುದನ್ನು ಬಿಟ್ಟು ಸನ್ನೆಯಲ್ಲಿ ಮಾತಾಡಿಕೊಳ್ಳುತ್ತಿದ್ದವು. ಕೊಡಿಗೇಹಳ್ಳಿಯಲ್ಲಿ ಒಮ್ಮೆ ಎಷ್ಟು ಆಳಕ್ಕೆ ಹೋದನೆಂದರೆ, ಭೂಮಿಯ ಆಚೆ ಮಗ್ಗುಲಿನ ಜನ ‘ನಮ್ಮ ಹಿತ್ತಲಲ್ಲಿ ಏನೋ ಮೊಳಕೆ ಬರುತ್ತಿದೆ’ ಎಂದು ನೀರು ಹಾಕಿದರಂತೆ. ಆ ನೀರೇ ಈ ಕಡೆ ಬಂದದ್ದು ಎಂದು ನಾನು ಈಗಲೂ ನಂಬಿದ್ದೇನೆ.

ಅಂಥ ಗದ್ದಲದ ಮನುಷ್ಯನಿಗೆ ಸಂಗೀತದ ಹುಚ್ಚು ಹಿಡಿದದ್ದು ಆರ್.ಟಿ. ನಗರದ ಒಂದು ಮನೆಯ ಹಿತ್ತಲಿನಲ್ಲಿ. ರಿಗ್‌ನ ಆರ್ಭಟ ತಡೆಯಲಾರದೆ ಆ ಮನೆಯ ಕಾಲೇಜು ಹುಡುಗ ಸೇಡಿಗೆಂದು ಟೇಪ್‌ರೆಕಾರ್ಡರನ್ನು ಕಿಟಕಿಯಲ್ಲಿಟ್ಟು ವಾಲ್ಯೂಮನ್ನು ಪೂರ್ತಿ ತಿರುಗಿಸಿದ. ‘ಗ್ರಾನೈಟ್ ಹೌಂಡ್ಸ್’ ಎಂಬ ಇಂಗ್ಲೆಂಡಿನ ರಾಕ್ ಬ್ಯಾಂಡು. ಡ್ರಮ್ಮು, ಗಿಟಾರು, ಮೇಲೊಬ್ಬ ಗಡ್ಡದವನ ಗರ್ಜನೆ. ಅನಂತರಾಜು ಜೀವನದಲ್ಲಿ ಮೊದಲ ಬಾರಿಗೆ ರಿಗ್ ನಡೆಯುವಾಗಲೂ ಕೇಳಿಸುವ ಹಾಡೊಂದನ್ನು ಕೇಳಿದ. ಅಷ್ಟೇ, ಕೆಲಸ ಮುಗಿದ ಮೇಲೆ ಆ ಕ್ಯಾಸೆಟ್ಟನ್ನು ಕೇಳಿ ಇಸಿದುಕೊಂಡೇ ಬಂದ. ಅಂದಿನಿಂದ ರಿಗ್ ತಿರುಗಿದಷ್ಟೂ ಹೊತ್ತು ಲಾರಿಯಲ್ಲಿ ಆ ಕ್ಯಾಸೆಟ್ಟೂ ತಿರುಗುತ್ತಿತ್ತು. ಮನೆಯಲ್ಲಿ ಮಾತ್ರ ಅದಕ್ಕೆ ಪ್ರವೇಶವಿರಲಿಲ್ಲ. ಒಂದು ಸಲ ಹಾಕಿದ್ದಕ್ಕೆ ಒಲೆಯ ಮೇಲಿದ್ದ ಹಾಲು ಒಡೆದುಹೋಯಿತೆಂದು ಹೆಂಡತಿ ರಾಧಾಮಣಿ ಕ್ಯಾಸೆಟ್ಟನ್ನು ಗಂಡನ ಚಪ್ಪಲಿಯ ಪಕ್ಕದಲ್ಲೇ ಬಾಗಿಲಾಚೆ ಇಟ್ಟಿದ್ದರು.

ಆ ಕ್ಯಾಸೆಟ್ಟಿನ ಕೊನೆಯ ಹಾಡು ತುಂಬ ಉದ್ದ. ನಡುವೆ ಎಲ್ಲಿಯೋ ಶಬ್ದ ನಿಂತುಹೋಗಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸಿಡಿಲು ಹೊಡೆದಂತೆ ಶುರುವಾಗುತ್ತಿತ್ತು. ಆ ಜಾಗದಲ್ಲಿ ಟೇಪು ಖಾಲಿ ಎಂದುಕೊಂಡಿದ್ದ ಅನಂತರಾಜು ಅದಕ್ಕೊಂದು ಉಪಯೋಗ ಕಂಡುಕೊಂಡಿದ್ದ. ಡ್ರಮ್ಮು ನಿಂತ ಕೂಡಲೇ ಆಳುಗಳ ಕಡೆ ತಿರುಗಿ, ರಿಗ್‌ನ ಸದ್ದನ್ನೂ ಮೀರಿಸಿ, ‘ಟೀ ಹೇಳ್ರೋ!’ ಎಂದು ಕೂಗುತ್ತಿದ್ದ. ಮೂವತ್ತು ವರ್ಷ ಉತ್ತರ ಬೆಂಗಳೂರಿನ ಟೀ ಅಂಗಡಿಗಳು ಆ ಕೂಗಿಗೇ ಹಾಲು ಕಾಯಿಸಿದವು.

ಇನ್ನೊಂದು ಅಭ್ಯಾಸವೂ ಅವನಿಗಿತ್ತು. ಬೋರ್‌ನಲ್ಲಿ ನೀರು ಬಿದ್ದರೆ ಮನೆಯವರೆಲ್ಲ ಕುಣಿಯುತ್ತಾರೆ, ಕೆಸರು ಎರಚಿಕೊಳ್ಳುತ್ತಾರೆ. ಅನಂತರಾಜು ಮಾತ್ರ ಪಕ್ಕಕ್ಕೆ ಸರಿದು ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ. ಅವನು ಬಾಯಿ ಮುಚ್ಚಿಕೊಂಡಿರುವುದನ್ನು ನೋಡಬೇಕಾದರೆ ಅದೊಂದೇ ಸಂದರ್ಭ.

ಗ್ರಾನೈಟ್ ಹೌಂಡ್ಸ್ ಬೆಂಗಳೂರಿಗೆ ಬರುತ್ತಾರೆಂಬ ಸುದ್ದಿ ಬಂದಾಗ ಅವನ ಕಿವಿ ಹೆಚ್ಚುಕಡಿಮೆ ಕೈಕೊಟ್ಟಿತ್ತು. ಸಂಜಯನಗರದ ಕಿವಿ ಡಾಕ್ಟರು ಪರೀಕ್ಷೆ ಮಾಡಿ ಏನೋ ಹೇಳಿದರು. ಮಗಳು ನಯನಾ ಅದನ್ನು ಕೂಗಿ ತಿಳಿಸಿದಳು: “ಅಪ್ಪಾ, ಮೆಲ್ಲಗಿನ ಸೌಂಡ್ ನಿನಗೆ ಕೇಳಿಸ್ತಿಲ್ವಂತೆ! ಇನ್ ಸ್ವಲ್ಪ ದಿನಕ್ಕೆ ಮೆಷಿನ್ ಹಾಕಿದ್ರೂ ಕಷ್ಟ ಅಂತೆ!”

“ಮೆಲ್ಲಗೆ ಮಾತಾಡೋರು ನನ್ ಹತ್ರ ಯಾರಿದಾರೆ?” ಎಂದು ಅನಂತರಾಜು ನಕ್ಕುಬಿಟ್ಟ. ಡಾಕ್ಟರ ಮೇಜಿನ ಮೇಲಿನ ಪೆನ್ನುಗಳು ನಡುಗಿದವು.

ನಗು ನಿಂತದ್ದು ನಯನಾ ಟಿಕೆಟ್ ತಂದ ದಿನ. ಅವಳು ಚಿಕ್ಕಂದಿನಲ್ಲಿ ಅಪ್ಪನ ಲಾರಿಯಲ್ಲಿ ಕೇಳಿದ ಹಾಡುಗಳನ್ನು ಕಾಲೇಜಿಗೆ ಬಂದ ಮೇಲೆ ಹೆಡ್‌ಫೋನಿನಲ್ಲಿ ಮತ್ತೆ ಕೇಳಿ ಅಪ್ಪನಷ್ಟೇ ಹುಚ್ಚಿಯಾಗಿದ್ದಳು. ಮಾತಿಗೆ ಮಾತು ಬಂದು, “ಲಾಸ್ಟ್ ಸಾಂಗಲ್ಲಿ ನಡುವೆ ಮೆತ್ತಗೆ ನಾಲ್ಕು ಲೈನ್ ಹಾಡ್ತಾರಲ್ಲಪ್ಪಾ, ಅದೇ ಬೆಸ್ಟು” ಎಂದಳು.

“ಯಾವ ನಾಲ್ಕು ಲೈನು?”

“ಡ್ರಮ್ಸ್ ನಿಂತ ಮೇಲೆ.”

“ಅಲ್ಲಿ ಟೇಪ್ ಖಾಲಿ ಅಲ್ವೇನೇ?”

ನಯನಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಡ್‌ಫೋನ್ ತಂದು ಅಪ್ಪನ ಕಿವಿಗೆ ಹಾಕಿದಳು. ಅನಂತರಾಜು ಕಣ್ಣು ಮುಚ್ಚಿದ, ಉಸಿರು ಬಿಗಿಹಿಡಿದ. ಡ್ರಮ್ಮು ಕೇಳಿಸಿತು. ಆಮೇಲೆ ಏನೂ ಇಲ್ಲ. ಆಮೇಲೆ ಮತ್ತೆ ಡ್ರಮ್ಮು. ಹಾಡಿನ ಹೃದಯವಿದ್ದ ಜಾಗದಲ್ಲಿ ಮೂವತ್ತು ವರ್ಷ ಟೀಗೆ ಕೂಗಿದೆನಲ್ಲ ಎಂದು ಅವನ ಮುಖ ಬಾಡಿಹೋಯಿತು. ಸಾಲುಗಳನ್ನು ಬರೆದು ಕೊಡುತ್ತೇನೆಂದಳು ಮಗಳು.

“ಓದೋಕೆ ಅದೇನ್ ಕರೆಂಟ್ ಬಿಲ್ಲಾ? ಆ ಗಡ್ಡದಣ್ಣನ ಬಾಯಲ್ಲೇ ಕೇಳ್ಬೇಕು. ಮನೆ ಎತ್ತರದ ಸ್ಪೀಕರ್ ಇಡ್ತಾರೆ ಅಂದ್ಯಲ್ಲ, ಅದ್ರಲ್ಲಿ ಕೇಳ್ಸೇ ಕೇಳ್ಸುತ್ತೆ. ಇದೊಂದ್ ಸಲ ಬಿಟ್ರೆ ಈ ಕಿವಿ ಇರಲ್ಲ ಮಗಾ.”

ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಪಕ್ಕದ ಮನೆಯಲ್ಲಿದ್ದುಕೊಂಡು ನನಗೆ ಕೇಳಿಸಿದ್ದಂತೂ ನಿಜ.

ಇನ್ನು ಉಳಿದದ್ದು ಎಲ್ಲಿ ನಿಲ್ಲಬೇಕು ಎನ್ನುವ ಪ್ರಶ್ನೆ. ಬೇರೆಯವರಾಗಿದ್ದರೆ ಸ್ಟೇಜಿನ ಮುಂದೆ ಜಾಗ ಹಿಡಿಯುತ್ತಿದ್ದರು. ಅನಂತರಾಜು ಪಾಯಿಂಟ್ ಹಾಕಿಸದೆ ಯಾವ ಕೆಲಸಕ್ಕೂ ಇಳಿದವನಲ್ಲ. ಹೋಗಿ ಮುನಿಕೃಷ್ಣಪ್ಪನವರನ್ನು ಕರೆದ.

ಮುನಿಕೃಷ್ಣಪ್ಪನವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ, ಸೈಟು ಸುತ್ತಿ ನೀರು ನೋಡುವವರು. ನೆಲದೊಳಗೆ ನೀರಿರುವ ಜಾಗಕ್ಕೆ ಬಂದರೆ ಕಾಯಿ ತಾನೇ ಎದ್ದು ನಿಲ್ಲುತ್ತದೆ. ಅಲ್ಲಿ ಗೂಟ ಹೊಡೆದು, ಅರಿಶಿನ ಕುಂಕುಮ ಹಚ್ಚಿದರೆ ಅದೇ ಪಾಯಿಂಟು. ಅದರಿಂದ ಒಂದಡಿ ಆಚೆ ಕೊರೆದರೂ ಅವರ ಹೊಣೆಯಲ್ಲ. ಅವರ ಪಾಯಿಂಟುಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಬರೀ ಧೂಳು ಬಂದಿದೆ. ಯಲಹಂಕದಲ್ಲಿ ಎದ್ದ ಒಂದು ಧೂಳಿಗೆ ಹವಾಮಾನ ಇಲಾಖೆಯವರು ಹೆಸರಿಡಲು ಹೊರಟಿದ್ದರು. ಉಳಿದ ಕಾಲು ಪಾಲಿನ ಕೀರ್ತಿಯಲ್ಲೇ ಅವರಿಗೆ ಎಪ್ಪತ್ತೈದು ದಾಟಿದೆ.

ಕಚೇರಿ ನಡೆಯಬೇಕಾಗಿದ್ದುದು ಯಲಹಂಕದಾಚೆಯ ಒಂದು ಖಾಸಗಿ ಮೈದಾನದಲ್ಲಿ. ಅಲ್ಲಿನ ಬೋರ್ ಅನಂತರಾಜುವೇ ಕೊರೆದದ್ದಾದ್ದರಿಂದ ಹಿಂದಿನ ದಿನ ನಮ್ಮನ್ನು ಒಳಗೆ ಬಿಟ್ಟರು. ಮೈದಾನ ನೋಡಿಕೊಳ್ಳುವ ವಿರೂಪಾಕ್ಷ ಗದಗಿನ ಕಡೆಯವರು. ಮುನಿಕೃಷ್ಣಪ್ಪನವರು ಕಾಯಿ ಹಿಡಿದು ಸುತ್ತುವುದನ್ನು ಬಾಯಿ ಬಿಟ್ಟುಕೊಂಡು ನೋಡಿದರು.

“ಅಲ್ರೀ ಅಣ್ಣಾರ, ಇಲ್ಲಿ ನೀರು ಆಗಲೇ ಬಿದ್ದೈತಲ್ರೀ. ಮತ್ಯಾಕ ಕಾಯಿ?”

“ನೀರಿಗಲ್ಲ ಸಾರ್, ಹಾಡಿಗೆ” ಎಂದ ಅನಂತರಾಜು.

“ಹಾಡು ನೆಲದಾಗ ಸಿಗತೈತೇನ್ರೀ?”

“ಆಡೂ ಅರೀತದೆ, ನೀರೂ ಅರೀತದೆ ಕಣಯ್ಯ” ಎಂದರು ‘ಹ’ಕಾರ ಹೊರಡದ ಮುನಿಕೃಷ್ಣಪ್ಪ, ತಿರುಗಿಯೂ ನೋಡದೆ. “ಅರಿಯೋದು ಯಾವ್ದಾದ್ರೂ ಕಾಯಿಗ್ ಗೊತ್ತಾಯ್ತದೆ.”

ಬಿಸಿಲು ಚುರುಗುಟ್ಟುತ್ತಿತ್ತು. ಇಡೀ ಮೈದಾನ ಸುತ್ತಿದ ಮೇಲೆ ಕಾಯಿ ಎದ್ದು ನಿಂತದ್ದು ಹಿಂದಿನ ಮೂಲೆಯ ಹೊಂಗೆ ಮರದ ಕೆಳಗೆ. ಮೈದಾನದಲ್ಲೆಲ್ಲ ನೆರಳಿದ್ದದ್ದು ಅಲ್ಲೊಂದೇ ಕಡೆ. ಕಾಯಿಯ ಬುದ್ಧಿವಂತಿಕೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಗೂಟ ಹೊಡೆದದ್ದಾಯಿತು, ಅರಿಶಿನ ಕುಂಕುಮ ಹಚ್ಚಿದ್ದಾಯಿತು, ಸುತ್ತ ರಂಗೋಲಿ ಪುಡಿಯಲ್ಲಿ ಒಂದು ಚೌಕ, ನಾಲ್ಕು ಮೂಲೆಗೆ ನಾಲ್ಕು ನಿಂಬೆಹಣ್ಣು.

ಮರುದಿನ ಸಂಜೆ ನಾವು ನಾಲ್ವರು ಹೋದೆವು. ರಾಧಾಮಣಿಯವರು ‘ನನ್ನ ಕಿವಿ ಇನ್ನೂ ಚೆನ್ನಾಗಿದೆ, ನನಗ್ಯಾಕೆ ಶಿಕ್ಷೆ’ ಎಂದದ್ದರಿಂದ ಅವರ ಟಿಕೆಟ್ ನನ್ನ ಪಾಲಿಗೆ ಬಂದಿತ್ತು. ಅನಂತರಾಜು ಮಗಳು ಕೊಡಿಸಿದ ಕಪ್ಪು ಟೀ ಶರ್ಟಿನಲ್ಲಿ ಹೊಟ್ಟೆಯನ್ನು ತುರುಕಿಕೊಂಡು, ಹೊಸ ಬಿಳಿ ಶೂ ಹಾಕಿಕೊಂಡು ಮದುಮಗನ ಹಾಗೆ ನಡೆದ. ಮುನಿಕೃಷ್ಣಪ್ಪನವರ ಪಂಚೆಯನ್ನೂ ಬಿಳಿ ಗಡ್ಡವನ್ನೂ ನೋಡಿದ ಹುಡುಗರು ಬ್ಯಾಂಡಿನವರೇ ಇರಬೇಕೆಂದು ಅವರ ಜೊತೆ ಸೆಲ್ಫಿ ತೆಗೆಸಿಕೊಂಡರು.

ಹೊಂಗೆ ಮರದ ಹತ್ತಿರ ಬಂದು ನೋಡಿದರೆ ನಮ್ಮ ಪಾಯಿಂಟಿನ ಮೇಲೆ ಕಲ್ಯಾಣಮಂಟಪದಷ್ಟು ದೊಡ್ಡ ಜನರೇಟರ್ ಲಾರಿ ನಿಂತು ಗುಡುಗುತ್ತಿದೆ! ನಯನಾ ಓಡಿಹೋಗಿ ಅದರ ಆಪರೇಟರನ್ನು ಕೇಳಿದಳು.

“ನೀವೇ ಮಾರ್ಕ್ ಮಾಡ್ಸಿದ್ದಾ ಮೇಡಂ? ಥ್ಯಾಂಕ್ಸ್” ಎಂದ ಅವನು. “ಗೂಟ ಹೊಡ್ದು, ಚೌಕ ಹಾಕಿ, ಪೂಜೆನೂ ಮಾಡಿ ರೆಡಿ ಇಟ್ಟಿದ್ರಿ. ನಿಂಬೆಹಣ್ಣು ಟೈರ್ ಕೆಳಗೆ ಕರೆಕ್ಟಾಗಿ ಕೂತ್ಕೊಳ್ತು. ಇಷ್ಟು ನೀಟಾಗಿ ಜನರೇಟರ್‌ಗೆ ಜಾಗ ಯಾರೂ ಮಾಡ್ಕೊಡಲ್ಲ.”

“ಅಪ್ಪಾ, ಇಲ್ಲಿ ಏನೂ ಕೇಳ್ಸಲ್ಲ, ಮುಂದೆ ಹೋಗೋಣ ಬಾ!”

“ಪಾಯಿಂಟ್ ಬಿಟ್ ಬರಲ್ಲ!” ಎಂದ ಅನಂತರಾಜು.

“ಒಂದಡಿನೂ ಜರುಗ್‌ಬ್ಯಾಡ ಅನಂತು” ಎಂದು ಮುನಿಕೃಷ್ಣಪ್ಪನವರು ಜನರೇಟರ್‌ಗೆ ಒರಗಿಕೊಂಡು ನಿಂತರು. ನಯನಾ ನನ್ನ ಕಡೆ ನೋಡಿದಳು. ಮುನಿಕೃಷ್ಣಪ್ಪನವರ ಜೊತೆ ವಾದ ಮಾಡಿ ಗೆದ್ದವರ ಸಂಘದಲ್ಲಿ ಇನ್ನೂ ಒಬ್ಬನೂ ಸದಸ್ಯನಿಲ್ಲವೆಂದು ಅವಳಿಗೆ ನಾನು ಹೇಗೆ ಹೇಳಲಿ?

ಕಚೇರಿ ಶುರುವಾಯಿತು. ದೂರದಲ್ಲಿ ಬೆಂಕಿಕಡ್ಡಿಯಷ್ಟೆತ್ತರದ ಐದು ಜನ, ಪಕ್ಕದ ಪರದೆಯ ಮೇಲೆ ಬೆಟ್ಟದಷ್ಟು ದೊಡ್ಡ ಗಡ್ಡ. ಗಡ್ಡದಣ್ಣನಿಗೂ ವಯಸ್ಸಾಗಿತ್ತು, ಎರಡು ಹಾಡಿಗೊಮ್ಮೆ ಸ್ಟೂಲಿನ ಮೇಲೆ ಕೂತು ಟವೆಲ್ಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದ. ಆದರೆ ಗರ್ಜನೆ ಹಾಗೆಯೇ ಇತ್ತು. ಮೊದಲ ಡ್ರಮ್ಮಿಗೇ ಹೊಂಗೆ ಮರ ವರ್ಷದ ಎಲೆಗಳನ್ನೆಲ್ಲ ಒಂದೇ ಸಲಕ್ಕೆ ಉದುರಿಸಿತು. ನನ್ನ ಎರಡು ಹಲ್ಲುಗಳು ಜಾಗ ಬದಲಾಯಿಸಿಕೊಂಡವು. ಸುತ್ತಲಿನ ಹುಡುಗರು ಕಿವಿಗೆ ಹತ್ತಿ ತುರುಕಿಕೊಂಡರು. ಆ ಸಾವಿರಾರು ಜನರಲ್ಲಿ ವಾಲ್ಯೂಮು ಸರಿಯಾಗಿದೆ ಎನಿಸಿದ್ದು ಅನಂತರಾಜು ಒಬ್ಬನಿಗೇ. ಬೆನ್ನ ಹಿಂದೆ ಜನರೇಟರ್ ರಿಗ್‌ನಂತೆಯೇ ಗುಡುಗುತ್ತಿತ್ತು, ಎದುರಿಗೆ ಗ್ರಾನೈಟ್ ಹೌಂಡ್ಸ್. ಅವನು ಇಪ್ಪತ್ತೈದರ ಹುಡುಗನಾಗಿ, ಯಾರದೋ ಹಿತ್ತಲಿನಲ್ಲಿ ಪೈಪು ಇಳಿಸುತ್ತಿದ್ದವನಂತೆ ಕೈ ಬೀಸಿ ಬೀಸಿ ಕುಣಿದ.

ಕೊನೆಗೆ ಆ ಉದ್ದದ ಹಾಡು ಬಂತು. ನಯನಾ ಅಪ್ಪನ ತೋಳು ಹಿಡಿದುಕೊಂಡು, ಈಗ ಬರುತ್ತೆ ಎಂದು ಸನ್ನೆ ಮಾಡಿದಳು. ಅನಂತರಾಜು ಡಾಕ್ಟರು ಕೊಟ್ಟಿದ್ದ ಕಿವಿಯ ಮೆಷಿನ್ ಸರಿಮಾಡಿಕೊಂಡು, ಅಂಗೈಯನ್ನು ಕಿವಿಯ ಹಿಂದೆ ಬಟ್ಟಲಿನಂತೆ ಇಟ್ಟುಕೊಂಡ.

ಡ್ರಮ್ಮು ನಿಂತಿತು. ದೀಪಗಳು ಆರಿ ಒಂದೇ ಒಂದು ಉಳಿಯಿತು. ಪರದೆಯ ಮೇಲೆ ಗಡ್ಡ ಅಲುಗುತ್ತಿತ್ತು. ಇಡೀ ಮೈದಾನ ಉಸಿರಾಡುವುದನ್ನು ಬಿಟ್ಟು ಕೇಳುತ್ತಿತ್ತು. ನಮ್ಮ ಮೂಲೆಯಲ್ಲಿ ಮಾತ್ರ ಜನರೇಟರ್.

ಅನಂತರಾಜು ಕತ್ತು ಆ ಕಡೆ ವಾಲಿಸಿದ, ಈ ಕಡೆ ವಾಲಿಸಿದ. ಮತ್ತೆ ಖಾಲಿ ಟೇಪು. ಅವನ ಕಣ್ಣಿನಲ್ಲಿ ನೀರು ತುಂಬಿದ್ದನ್ನು ನಾನು ನೋಡಿದೆ. ಆದರೆ ಮೂವತ್ತು ವರ್ಷದ ಅಭ್ಯಾಸ ಕಣ್ಣನ್ನು ಕೇಳಿ ಕೆಲಸ ಮಾಡುವುದಿಲ್ಲ. ಡ್ರಮ್ಮು ನಿಂತಿದೆ, ಬೆನ್ನ ಹಿಂದೆ ರಿಗ್ ಗುಡುಗುತ್ತಿದೆ. ಅವನ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

“ಟೀ ಹೇಳ್ರೋ!”

ಆ ಕೂಗು ಮೈದಾನದ ಆಚೆ ಗೋಡೆಗೆ ಬಡಿದು ಸ್ಟೇಜಿನ ಮೇಲಿಂದ ವಾಪಸು ಬಂತು. ಆಗತಾನೇ ಇಳಿಯುತ್ತಿದ್ದ ವಿಮಾನವೊಂದು ಯಾಕೋ ಅನುಮಾನವಾಗಿ ಇನ್ನೊಂದು ಸುತ್ತು ಹಾಕಿತು. ಗಡ್ಡದಣ್ಣ ಹಾಡು ನಿಲ್ಲಿಸಿ, ಹಣೆಗೆ ಕೈ ಅಡ್ಡ ಹಿಡಿದು ನಮ್ಮ ಮೂಲೆಯ ಕಡೆ ನೋಡಿದ. ಆ ಯಜಮಾನರು ಏನೆಂದರು ಎಂದು ಮೈಕಿನಲ್ಲಿ ಕೇಳಿದ. ಮುಂದಿದ್ದ ಹುಡುಗರು “ಟೀ! ಟೀ!” ಎಂದು ಅರಚಿದರು.

ನಯನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮುನಿಕೃಷ್ಣಪ್ಪನವರು, “ನಂಗ್ ಸಕ್ರೆ ಬ್ಯಾಡ” ಎಂದರು.

ಗಡ್ಡದಣ್ಣ ಮೊಣಕಾಲು ಹಿಡಿದುಕೊಂಡು ನಕ್ಕ. ಇಂಗ್ಲೆಂಡಿನವನಲ್ಲವೇ, ಇಷ್ಟು ವರ್ಷದಲ್ಲಿ ಇಂಥ ಒಳ್ಳೆಯ ಮಾತನ್ನು ಯಾವ ಊರಿನವರೂ ಹೇಳಿರಲಿಲ್ಲ ಎಂದ. ಆಮೇಲೆ, ಟೀ ಕೇಳಿದವರಿಗೆ ನನ್ನ ಹಾಡು ಕೇಳಿಸಿಲ್ಲವೆಂದು ಕಾಣುತ್ತದೆ, ಮೊದಲಿಂದ ಹಾಡುತ್ತೇನೆ, ಹಿಂದಿನ ಮೂಲೆಗೆ ಮುಟ್ಟುವ ಹಾಗೆ ನೀವೂ ಹಾಡಿ ಎಂದು ಮೈಕನ್ನು ಜನರ ಕಡೆ ಹಿಡಿದ.

ಹಾಡಿದರು ನೋಡಿ! ಪಿಸುಮಾತಿನಲ್ಲಿ ಹಾಡಬೇಕಾದ ನಾಲ್ಕು ಸಾಲುಗಳನ್ನು ಸಾವಿರಾರು ಹುಡುಗ ಹುಡುಗಿಯರು ನಮ್ಮ ಕಡೆ ತಿರುಗಿ, ಗಂಟಲು ಹರಿದುಹೋಗುವಂತೆ ಹಾಡಿದರು. ಜನರೇಟರ್ ಇತ್ತೋ ಇಲ್ಲವೋ ತಿಳಿಯಲಿಲ್ಲ. ನಯನಾ ಅಪ್ಪನ ಕಿವಿಯ ಪಕ್ಕದಲ್ಲೇ ನಿಂತು ಹಾಡಿದಳು. ಮುನಿಕೃಷ್ಣಪ್ಪನವರು ಒಂದಕ್ಷರ ಗೊತ್ತಿಲ್ಲದಿದ್ದರೂ ಹಾಡಿದರು. ಮನೆ ಬಿಟ್ಟು ದೂರ ಕೆಲಸ ಮಾಡುವವನೊಬ್ಬ, ನಾನು ಬರುವವರೆಗೆ ದೀಪ ಆರಿಸಬೇಡ ಎಂದು ಹೆಂಡತಿಗೆ ಹೇಳುವ ಸಾಲುಗಳು. ಅಷ್ಟೇ.

ಅನಂತರಾಜುವನ್ನು ನೋಡಿದೆ. ಕುಣಿತ ನಿಂತಿತ್ತು, ಬಾಯಿ ಮುಚ್ಚಿತ್ತು. ಬಗ್ಗಿ, ಒಂದೊಂದಾಗಿ ಲೇಸು ಬಿಚ್ಚಿ, ಹೊಸ ಶೂಗಳನ್ನು ಪಕ್ಕಕ್ಕಿಟ್ಟು ಬರಿಗಾಲಲ್ಲಿ ನಿಂತುಕೊಂಡ.

ಡ್ರಮ್ಮು ಮತ್ತೆ ಸಿಡಿದಾಗ ಜನ ನುಗ್ಗಿದರು. ಆ ಶೂ ಆಮೇಲೆ ಸಿಗಲಿಲ್ಲ.

“ನೋಡ್ದ್ಯಾ?” ಎಂದರು ದಾರಿಯಲ್ಲಿ ಮುನಿಕೃಷ್ಣಪ್ಪನವರು. “ಮುಂದ್ಗಡೆ ನಿಂತಿದ್ರೆ ನೀನ್ ಕೂಗ್ತಿರ್ನಿಲ್ಲ. ನೀನ್ ಕೂಗ್ದಿದ್ರೆ ಅವ್ರು ಆಡ್ತಿರ್ನಿಲ್ಲ. ಇಂಗೆ ಬೀಳ್ತದೆ ಅಂತ ಕಾಯಿಗ್ ಮೊದ್ಲೇ ಗೊತ್ತಿತ್ತು.”

ಮನೆ ಬಾಗಿಲಲ್ಲಿ ರಾಧಾಮಣಿಯವರು ಗಂಡನ ಕಾಲು ನೋಡಿದರು. “ಶೂ ಎಲ್ರೀ?”

“ನೀರ್ ಬಿತ್ತು ಕಣೇ” ಎಂದ ಅನಂತರಾಜು. ಪಕ್ಕದ ಮನೆಯ ನನಗೂ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಮೆಲ್ಲಗೆ.

ಮರುದಿನ ಬೆಳಿಗ್ಗೆ ಅವನು ಮಗಳ ಕೈಯಲ್ಲಿ ಆ ಹಾಡನ್ನು ಮನೆಯೊಳಗೇ ಹಾಕಿಸಿದ. ರಾಧಾಮಣಿಯವರು ಸೌಟು ಹಿಡಿದು ಹಾಲಿನ ಪಾತ್ರೆಯ ಪಕ್ಕ ಕಾವಲು ನಿಂತರು. ಡ್ರಮ್ಮು ನಿಂತು ಆ ನಾಲ್ಕು ಸಾಲು ಬಂತು. ಅನಂತರಾಜುವಿಗೆ ಒಂದು ಪದವೂ ಕೇಳಿಸದು, ಆದರೂ ತಾಳ ತಪ್ಪದೆ ತಲೆಯಾಡಿಸುತ್ತ ಮನಸ್ಸಿನಲ್ಲೇ ಹಾಡಿಕೊಂಡ. ಟೀಗೆ ಕೂಗುವ ಮೂವತ್ತು ವರ್ಷದ ಅಭ್ಯಾಸವನ್ನೇ ಮರೆತ. ಅಡುಗೆಮನೆಯಲ್ಲಿ ರಾಧಾಮಣಿಯವರು, ಮಗಳು ಅರ್ಥ ಹೇಳಿದ್ದನ್ನು ಕೇಳಿಸಿಕೊಳ್ಳುತ್ತ, ಕೈಯಲ್ಲಿದ್ದ ಸೌಟನ್ನೂ ಮರೆತು ನಿಂತಿದ್ದರು.

“ಅಮ್ಮಾ, ಹಾಲು!” ಎಂದಳು ನಯನಾ.

ಒಡೆದಿರಲಿಲ್ಲ. ಒಲೆ ತುಂಬ ಉಕ್ಕಿ ಹರಿದಿತ್ತು. “ಎಲ್ಲ ಆ ಗಡ್ಡದವ್ನಿಂದ!” ಎಂದು ಬೈಯುತ್ತ ರಾಧಾಮಣಿಯವರು ಉಳಿದಷ್ಟು ಹಾಲಿಗೆ ಟೀ ಪುಡಿ ಹಾಕಿದರು.