ಎಡಗೈ ಗಂಟು

ದೆವ್ವ, ಭೂತ, ಮೈಮೇಲೆ ಬರುವುದು, ಇಂಥ ಮಾತು ಬಂದರೆ ನಾನು ನಗುತ್ತಿದ್ದವಳು. ನಗುವುದೇನು, ಜಗಳಕ್ಕೇ ನಿಲ್ಲುತ್ತಿದ್ದೆ. ದವಾಖಾನೆಯಲ್ಲಿ ಕೆಲಸ ಮಾಡುವವರಿಗೆ ಹುಟ್ಟುವುದೂ ಸಾಯುವುದೂ ಕಣ್ಣೆದುರಿನ ಸಂಗತಿ. ಅವೆರಡರ ನಡುವೆ ದೆವ್ವ ನಿಲ್ಲುವುದಕ್ಕೆ ಜಾಗ ಎಲ್ಲಿದೆ ಎಂದು ಕೇಳುತ್ತಿದ್ದೆ. ಈಗಲೂ ನಂಬುವವಳಲ್ಲ. ಆದರೆ ಈಗ ನಗುವುದಿಲ್ಲ. ಯಾಕೆ ಎನ್ನುವುದನ್ನು ನಡೆದದ್ದು ನಡೆದಂತೆ ಹೇಳಿಬಿಡುತ್ತೇನೆ.

ಸ್ವಾತಂತ್ರ್ಯ ಬರುವುದಕ್ಕೆ ಕೆಲವು ವರ್ಷ ಹಿಂದಿನ ಮಾತು. ಹುಕ್ಕೇರಿಯ ಒಂದು ಸಣ್ಣ ದವಾಖಾನೆಯಲ್ಲಿ ನಾನು ನರ್ಸ್ ಆಗಿದ್ದೆ. ಒಬ್ಬ ಡಾಕ್ಟರು, ನಾನು, ಮೇಲಿನ ಕೆಲಸಕ್ಕೆ ಕಾಶವ್ವ, ಇಷ್ಟೇ ಮಂದಿ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆಂದು ಹಿಂದಿನ ಕೋಣೆಯಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ ಇಟ್ಟುಕೊಂಡಿದ್ದೆ. ಒಳಗೆ ಅರಳೆಯ ಹಾಸಿಗೆ, ಅದರ ಸುತ್ತ ಬಿಸಿನೀರು ತುಂಬಿದ ಸೀಸೆಗಳು. ಕೂಸಿನ ಮೈ ಸುಡಬಾರದೆಂದು ಪ್ರತಿ ಸೀಸೆಯನ್ನೂ ಬುಡದಿಂದ ಬಿರಡೆಯ ಮೇಲಿನ ತನಕ ಅರಿವೆಯಲ್ಲಿ ಸುತ್ತಿ ಗಂಟು ಹಾಕಬೇಕು. ನೀರು ಆರುತ್ತ ಬಂದರೆ ಗಂಟು ಬಿಚ್ಚಿ, ಹೊಸ ನೀರು ತುಂಬಿ, ಮತ್ತೆ ಕಟ್ಟಬೇಕು. ನಾನು ಎಡಚಿ. ನನ್ನ ಗಂಟು ಊರಿನವರ ಗಂಟಿಗೆಲ್ಲ ತಿರುವುಮುರುವು. ಅದನ್ನು ಬಿಚ್ಚಲು ಹೋಗಿ ಕಾಶವ್ವ ದಿನಾ ಗೊಣಗುತ್ತಿದ್ದಳು: "ಈ ಗಂಟ ಬಿಚ್ಚೂದಕ್ಕಿಂತ ಬಾವ್ಯಾಗಿನ ನೀರ ಸೇದೂದು ಹಗೂರ ನೋಡ್ರಿ, ಬಾಯಾರ."

ಶ್ರಾವಣದ ಮಳೆಯಲ್ಲಿ ಗಂಗವ್ವ ಬಂದಳು. ತುಕ್ಕಾನಟ್ಟಿಗೆ ಕೊಟ್ಟ ಹುಡುಗಿ, ಹುಕ್ಕೇರಿ ಅವಳ ತವರು. ಮೊದಲು ಹೆತ್ತ ಎರಡೂ ಮಕ್ಕಳು ಉಳಿದಿರಲಿಲ್ಲ. ಈ ಮೂರನೆಯದು ಏಳು ತಿಂಗಳಿಗೇ ಹುಟ್ಟಿತು, ಹೆಣ್ಣು. ನನ್ನ ಅಂಗೈಯಲ್ಲಿ ಅದರ ಬೆನ್ನು ಪೂರಾ ಹಿಡಿಯುತ್ತಿತ್ತು. "ಎಂಟರಾಗ ಹುಟ್ಟಿದ್ದು ಉಳಿಯಂಗಿಲ್ಲ, ಏಳರಾಗ ಹುಟ್ಟಿದ್ದು ಉಳೀತೈತಿ, ಅಳಬ್ಯಾಡ" ಎಂದು ಗಂಗವ್ವನ ತಾಯಿ ಬಾಳವ್ವ ಮಗಳಿಗೆ ಸಮಾಧಾನ ಹೇಳುತ್ತಿದ್ದಳು. ಹೇಳಿ, ಹೊರಗೆ ಬಂದು, ಬಾಯಿಗೆ ಸೆರಗು ತುರುಕಿಕೊಂಡು ತಾನೇ ಅಳುತ್ತಿದ್ದಳು.

ಹುಟ್ಟಿದ ಕೂಸಿಗೆ ಲಿಂಗ ಕಟ್ಟಬೇಕೆಂದು ಅಯ್ಯನವರನ್ನು ಕರೆಸಿದರು. ಆ ಎದೆಗೆ ಉಸಿರೇ ಭಾರವಾಗಿತ್ತು, ಲಿಂಗದ ಭಾರ ಹೇಗೆ ತಡೆದೀತು? ನಾನು ಅಳುಕುತ್ತಲೇ ಬೇಡವೆಂದೆ. ಅಯ್ಯನವರು ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, "ಸದ್ಯಕ್ಕ ಈ ಪೆಟಗೀನ ಕೂಸಿನ ಮೈ ಅಲ್ಲೇನ್ರಿ" ಎಂದು ಲಿಂಗವನ್ನು ಪೆಟ್ಟಿಗೆಯ ಹಿಡಿಕೆಗೆ ಕಟ್ಟಿ ಹೋದರು. ಅವರ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದು ಹೇಳಲಾರೆ.

ಬಾಳವ್ವ ಮಾತ್ರ ಸುಮ್ಮನಿರುವವಳಲ್ಲ. ಮರುದಿನವೇ ಮುಚ್ಚಳ ತೆಗೆದು ಕೂಸಿಗೆ ಲೋಬಾನದ ಹೊಗೆ ಹಾಕಲು ನಿಂತಿದ್ದಳು. ನಾನು ಹೌಹಾರಿ ಓಡಿಬಂದು, "ಕಾಶವ್ವ ಮತ್ತ ನಾನು, ಇಬ್ಬರನ್ನ ಬಿಟ್ಟು ಈ ಪೆಟಗಿಗೆ ಯಾರೂ ಕೈ ಹಚ್ಚಂಗಿಲ್ಲ" ಎಂದು ಗದರಿದೆ. ಮುದುಕಿ ಲಿಂಗ ಮುಟ್ಟಿ ಆಣೆ ಮಾಡಿದಳು. ಆಣೆ ಮಾಡಿದಮೇಲೆ ಬಾಳವ್ವನದು ಕಲ್ಲಿನ ಮೇಲಿನ ಗೆರೆ.

ಮುಂದೆ ಸ್ವಲ್ಪ ದಿನಕ್ಕೆ, ಬೆಳಗಾಗುವ ಹೊತ್ತಿಗೆ, ಹೊಳೆಯಾಚೆ ದಡ್ಡಿ ಎನ್ನುವ ಊರಿನ ಕಡೆಯಿಂದ ಗಾಡಿ ಬಂತು. ತೋಟದ ಮನೆಯೊಂದರಲ್ಲಿ ಹೆರಿಗೆ ಕಷ್ಟವಾಗಿತ್ತು. ಡಾಕ್ಟರು ಗೋಕಾಕಕ್ಕೆ ಹೋಗಿದ್ದರು. ಪೆಟ್ಟಿಗೆಯನ್ನು ಕಾಶವ್ವನಿಗೆ ಒಪ್ಪಿಸಿ ಹೊರಟೆ. ಅಲ್ಲಿ ತಾಯಿ, ಮಗು ಎರಡು ಜೀವ ಎರಡಾಗಿ ಕ್ಷೇಮವಾದವು. ಆದರೆ ಮಧ್ಯಾಹ್ನ ದಂಡೆಗೆ ಬಂದು ನೋಡಿದರೆ ಘಟಪ್ರಭೆ ಕೆಂಪಗೆ ಏರಿಬಿಟ್ಟಿತ್ತು. ದೋಣಿ ಬಿಡುವುದಿಲ್ಲವೆಂದು ಅಂಬಿಗ ಕೈಯಲ್ಲಾಡಿಸಿದ.

ಕಾಶವ್ವ ಇದ್ದಾಳೆ ಎಂದು ನೂರು ಸಲ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಏನೋ ತಪ್ಪಿದೆ, ಸೀಸೆಗಳು ಆರುತ್ತಿವೆ ಎಂದೇ ಅದು ಬಡಿದುಕೊಳ್ಳುತ್ತಿತ್ತು. ಹೇಗೆ ಇಳಿದೆನೋ ತಿಳಿಯದು, ಮೊಳಕಾಲ ತನಕ ನೀರಿನಲ್ಲಿದ್ದೆ. "ಬಾಯಾರ, ಸಾಯಾಕ ಹೊಂಟೀರೇನ್ರಿ?" ಎಂದು ಅಂಬಿಗ ರಟ್ಟೆ ಹಿಡಿದು ನಿಲ್ಲಿಸಿದ. ನಾನು ಅಲ್ಲೇ ಕಣ್ಣು ಮುಚ್ಚಿದೆ. ಮನಸ್ಸಿನಲ್ಲೇ ಗಂಟು ಬಿಚ್ಚಿದೆ, ನೀರು ತುಂಬಿದೆ, ಕಟ್ಟಿದೆ; ಒಂದಾದಮೇಲೆ ಒಂದು, ಎಲ್ಲ ಸೀಸೆಗಳನ್ನೂ. "ತಡಿಯವ್ವಾ, ಬಂದ್ನಿ" ಎಂದು ಬಾಯಿಬಿಟ್ಟು ಹೇಳಿದೆನಂತೆ. ಆಮೇಲೆ ಹೊಳೆ ದಾಟಿಸುವಾಗ ಅಂಬಿಗ ಹೇಳಿದ್ದು ಇದು.

ನೀರು ಇಳಿದು ನಾನು ಊರು ಸೇರುವಾಗ ದೀಪ ಹಚ್ಚುವ ಹೊತ್ತು. ಕಾಶವ್ವ ಹಿತ್ತಲ ಪಡಸಾಲೆಯಲ್ಲಿ ಕೌದಿ ಹೊದ್ದು ಗಡಗಡ ನಡುಗುತ್ತ ಮಲಗಿದ್ದಳು. ಮಧ್ಯಾಹ್ನವೇ ಚಳಿಜ್ವರ ಏರಿತ್ತು, ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ನನ್ನ ಜೀವ ಹಾರಿಹೋಯಿತು. ಓಡಿಹೋಗಿ ಮುಚ್ಚಳ ತೆಗೆದೆ.

ಕೂಸು ಕೆಂಪಗೆ, ಬೆಚ್ಚಗೆ, ತುಟಿ ಚೀಪುತ್ತ ಮಲಗಿತ್ತು. ಸೀಸೆ ಮುಟ್ಟಿದೆ, ಬಿಸಿ. ಬೆಳಿಗ್ಗೆ ನಾನು ಕಟ್ಟಿದ್ದು ಬಿಳಿ ಧೋತರದ ತುಂಡುಗಳನ್ನು. ಈಗ ಇದ್ದದ್ದು ಕಪಾಟಿನಲ್ಲಿ ಒಗೆದಿಟ್ಟಿದ್ದ ನೀಲಿ ಅಂಚಿನವು. ಗಂಟುಗಳು ಮಾತ್ರ ನನ್ನವು. ಎಲ್ಲವೂ ಎಡಗೈ ಗಂಟು.

"ಯಾರ ಕಟ್ಟಿದ್ರು, ಬಾಳವ್ವ?"

ಬಾಗಿಲಲ್ಲಿ ಕೂತಿದ್ದ ಮುದುಕಿ ನನ್ನ ಮೇಲೇ ರೇಗಿದಳು. "ಯಾರಂದ್ರ? ಮಧ್ಯಾಹ್ನ ನೀವ ಬಂದಿದ್ರಲ್ರಿ! ಸೀರಿ ಮೊಳಕಾಲ ಮಟ ತೊಯ್ದಿತ್ತು. ಬದಲ ಮಾಡ್ರಿ, ಥಂಡಿ ಆಗತೈತಿ ಅಂದ್ನಿ, ಕೇಳಲಿಲ್ಲ. ತಡಿಯವ್ವಾ ಬಂದ್ನಿ ಅಂತ ಕೂಸಿಗೆ ಅಂದ್ರಿ, ಎಲ್ಲಾ ಸೀಸೆ ಕಟ್ಟಿದ್ರಿ. ಚಹಾ ಮಾಡ್ಕೊಂಡು ಬರೂದ್ರಾಗ ಹೋಗೇ ಬಿಟ್ಟಿದ್ರಿ. ಒಂದ ಗುಟಕ ಚಹಾ ಕುಡಿಯಾಕೂ ಪುರಸತ್ತಿಲ್ಲೇನ್ರಿ ನಿಮಗ?"

ಅಂಬಿಗ ಹೇಳಿದ ಮಾತನ್ನು ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ.

ಯೋಚಿಸದೆ ಬಿಟ್ಟಿಲ್ಲ. ಕಾಶವ್ವ ಜ್ವರದ ಮಂಪರಿನಲ್ಲಿ ಎದ್ದು ಮಾಡಿರಬಹುದು ಎಂದುಕೊಂಡೆ. ಆದರೆ ಬಿಚ್ಚುವುದಕ್ಕೇ ಹೆಣಗುತ್ತಿದ್ದ ಗಂಟನ್ನು ಅವಳು ಕಟ್ಟಿದ್ದು ಹೇಗೆ? ಗಂಗವ್ವ ಇನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಬಾಳವ್ವನ ಕಣ್ಣಿಗೆ ಪೊರೆ ಬಂದಿತ್ತು, ನಿಜ. ಆದರೆ ಅವಳ ಕಿವಿ ಬಲು ಚುರುಕು. ಡಾಕ್ಟರು ಎಲ್ಲ ಕೇಳಿಕೊಂಡು, "ಕೂಸು ಉಳಿದೈತಲ್ಲ, ಬಿಡ್ರಿ" ಎಂದರು. ಬಿಡುವುದಕ್ಕೆ ನನಗೇ ಆಗಲಿಲ್ಲ.

ಕೂಸು ಬೆಳೆಯಿತು. ಪೆಟ್ಟಿಗೆಯ ಹಿಡಿಕೆಯಿಂದ ಲಿಂಗ ಬಿಚ್ಚಿ ಅದರ ಕೊರಳಿಗೆ ಕಟ್ಟಿದ ದಿನ ಗಂಗವ್ವನಿಗಿಂತ ಹೆಚ್ಚು ಅತ್ತವಳು ನಾನೇ. ಈಗ ಆ ಹುಡುಗಿ ಬಾಯಿ ತೆರೆದರೆ ನಾಲ್ಕು ಓಣಿಗೆ ಕೇಳಿಸುತ್ತದೆ.

ಬಾಳವ್ವ ಇರುವ ತನಕ ನಾನು ಅವಳ ಮನೆಗೆ ಹೋದಾಗಲೆಲ್ಲ ನನ್ನ ಮುಂದೆ ಎರಡು ಕಪ್ಪು ಚಹಾ ಇಡುತ್ತಿದ್ದಳು. "ಒಂದು ನಿಮಗ. ಇನ್ನೊಂದು, ಅವತ್ತ ಕುಡೀದನ ಹೋದಾಕಿಗೆ." ಆಕೆ ತಮಾಷೆಗೆ ಅನ್ನುತ್ತಿದ್ದಳೋ, ಖರೆ ಅನ್ನುತ್ತಿದ್ದಳೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ನಾನು ಎರಡನ್ನೂ ಕುಡಿಯುತ್ತಿದ್ದೆ. ಮೊದಲನೆಯದನ್ನು ಹರಟೆ ಹೊಡೆಯುತ್ತ ಕುಡಿಯುತ್ತಿದ್ದೆ. ಎರಡನೆಯದನ್ನು ಕುಡಿಯುವಾಗ ಮಾತ್ರ, ಯಾಕೋ, ನನಗೆ ಮಾತು ಬರುತ್ತಿರಲಿಲ್ಲ.