ಚಿಕ್ಕಮ್ಮನ ಹಾಡಿಗೆ ಮೈದುನನ ಮುಖ

ನಮ್ಮ ಚಿಕ್ಕಮ್ಮ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಚಾದರ ಮಡಚುತ್ತಾಳೆ. ಅಷ್ಟುದ್ದದ ಚಾದರ ಒಬ್ಬರ ಕೈಗೆ ಬಗ್ಗುವುದಿಲ್ಲ. ಆ ತುದಿಗೆ ಗೆಳತಿ, ಈ ತುದಿಗೆ ಇವಳು. ಯಂತ್ರಗಳ ಗದ್ದಲದ ನಡುವೆ ಇಬ್ಬರೂ ಅಜ್ಜಿಯ ಕಾಲದ ಅತ್ತಿಗೆ-ನಾದಿನಿ ಜಗಳದ ಹಾಡು ಹಾಡುತ್ತಾರೆ. ಚಿಕ್ಕಮ್ಮ ಅತ್ತಿಗೆಯಾಗಿ ಚುಚ್ಚುತ್ತಾಳೆ, ಗೆಳತಿ ನಾದಿನಿಯಾಗಿ ತಿರುಗಿ ಕೊಡುತ್ತಾಳೆ. ತುದಿಗೆ ತುದಿ ಸೇರುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗುವುದಿಲ್ಲ.

ಅವಳ ಮೈದುನ ಮದುವೆಗಳ ವಿಡಿಯೊ ತೆಗೆಯುವವನು. ಒಂದು ದಿನ ಅವಳನ್ನು ಸ್ಟುಡಿಯೊಗೆ ಕರೆದೊಯ್ದು ಹಾಡಿಸಿದ.

"ಅತ್ತಿಗೆ, ದನಿ ಸಾಕು, ಮುಖ ಬೇಡ. ಮನೆ ಹೆಂಗಸು ಕಂಡೋರ ಫೋನಲ್ಲೆಲ್ಲಾ ಕಾಣಿಸ್ಕೊಂಡ್ರೆ ಜನ ಏನಂತಾರೆ?"

ಚಿಕ್ಕಪ್ಪನೂ ತಲೆಯಾಡಿಸಿದ. ತಮ್ಮ ಹೇಳಿದ್ದೇ ಅವನಿಗೆ ವೇದವಾಕ್ಯ.

ಇಂಟರ್ನೆಟ್ಟಿನಲ್ಲಿ ವಿಡಿಯೊ ಬಂತು. ಹೆಡ್‌ಫೋನು ಏರಿಸಿಕೊಂಡು, ಕಣ್ಣು ಮುಚ್ಚಿ ತಲೆದೂಗುತ್ತಿದ್ದವನು ಮೈದುನ! ಗೆಳತಿಯನ್ನು ಕರೆದೇ ಇರಲಿಲ್ಲ. ನಾದಿನಿಯ ಪಾಲನ್ನು ತಾನೇ ಹಾಡಿದ್ದ. "ನಾನೂ ಹೆಣ್ಣಲ್ಲವೇನೇ ಅತ್ತಿಗೆ" ಎಂಬ ಸಾಲು ಆ ಪೊದೆ ಮೀಸೆಯಡಿಯಿಂದ ಹೊರಬಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಳಗೆ ಜನ ಹೊಗಳಿದ್ದೇ ಹೊಗಳಿದ್ದು: "ಅಣ್ಣಾ, ನಮ್ಮ ಹಳೇ ಹಾಡು ಉಳಿಸಿದ್ರಿ." ಚಿಕ್ಕಮ್ಮನ ಹೆಸರು ಎಲ್ಲೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

ಗೆಳತಿ ಸುಮ್ಮನಿರುವ ಜಾಯಮಾನದವಳಲ್ಲ. ಇಬ್ಬರೂ ಚಾದರ ಮಡಚುತ್ತಾ ಹಾಡಿದ್ದನ್ನು ತನ್ನ ಫೋನಿನಲ್ಲಿ ಹಿಡಿದು ಅಲ್ಲೇ ಹಾಕಿದಳು. ಮರುದಿನವೇ ಮಾಯ! ಈ ಹಾಡಿನ ಕಾಪಿರೈಟ್ ಬೇರೆಯವರದಂತೆ. ಆ ಬೇರೆಯವರು ಯಾರು ಎಂದು ನೋಡಿದರೆ, ಮೈದುನ.

ಚಿಕ್ಕಮ್ಮ ಕೆಲಸದ ಏಪ್ರನ್ನಿನಲ್ಲೇ ಸ್ಟುಡಿಯೊಗೆ ನುಗ್ಗಿದಳು.

"ಅಳಿಸಿದ್ದು ನಾನಲ್ಲ ಅತ್ತಿಗೆ. ಅದೆಲ್ಲಾ ಕಂಪ್ಯೂಟರ್ ತಾನಾಗೇ ಮಾಡುತ್ತೆ."

"ಹಾಡು ನಿಂದು ಅಂತ ಕಂಪ್ಯೂಟರ್‌ಗೆ ಹೇಳಿದ್ಯಾರಪ್ಪಾ?"

"ಒಂದೇ ಮನೆಯೋರು ನಾವು. ಯಾರ ಹೆಸರಲ್ಲಿದ್ರೇನು?"

"ಹಾಗಿದ್ರೆ ನನ್ನ ಹೆಸರಿಗೇ ಮಾಡು!"

ಅವನಿಗೆ ಆಗ ಯಾವುದೋ ಫೋನು ಬಂತು. ಇಂಥವರಿಗೆ ಬರುವುದೇ ಅಂಥ ಹೊತ್ತಿನಲ್ಲಿ.

ಇವರು ಮತ್ತೆ ಹಾಕಿದರು, ಮತ್ತೆ ಹೋಯಿತು. ಕೊನೆಗೆ ಚಿಕ್ಕಮ್ಮ ಚಾದರಗಳ ರಾಶಿಯ ಮುಂದೆ ನಿಂತು, ಹಣೆಯ ಬೆವರು ಒರೆಸಿಕೊಂಡು, ಗೆಳತಿಯ ಫೋನಿನ ಕ್ಯಾಮೆರಾವನ್ನೇ ದಿಟ್ಟಿಸಿದಳು.

"ಆ ಹಾಡಲ್ಲಿ ಕೇಳೋ ಹೆಣ್ಣು ದನಿ ನಂದು. ಮುಖ ಇದು, ಸರಿಯಾಗಿ ನೋಡ್ಕೊಳ್ಳಿ. ಹಾಡಿದ್ರೆ ಅಳಿಸ್ತಾರೆ, ಅದಕ್ಕೇ ಬರೀ ಮಾತಾಡ್ತಿದೀನಿ."

ಆ ವಿಡಿಯೊವನ್ನು ಇವತ್ತಿನವರೆಗೂ ಯಾರೂ ಅಳಿಸಿಲ್ಲ. ಅದರಲ್ಲಿ ಅವಳು ಹಾಡಿಲ್ಲವಲ್ಲ!